ಪರೀಕ್ಷೆಯೇ ಬೆಲೆ ತಂದುಕೊಡುವ ಪ್ರಮಾಣಪತ್ರ: ಎನ್‌ಪಿಟಿಇಎಲ್‌ನ ಕೃತಕ ಬುದ್ಧಿಮತ್ತೆ ಕೋರ್ಸು

ಐಐಟಿ ದೆಹಲಿಯ ಪ್ರಾಧ್ಯಾಪಕ ಮೌಸಮ್ ಅವರು ಎನ್‌ಪಿಟಿಇಎಲ್‌ಗಾಗಿ (ಐಐಟಿಗಳೂ ಐಐಎಸ್‌ಸಿಯೂ ಸೇರಿ ನಡೆಸುವ ಆನ್‌ಲೈನ್ ಪಾಠಗಳ ಯೋಜನೆ) ರೂಪಿಸಿದ ‘ಆ್ಯನ್ ಇಂಟ್ರೊಡಕ್ಷನ್ ಟು ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ 12 ವಾರಗಳ ಕೋರ್ಸು. ಹಾಸನದಲ್ಲಿ ಬಿ.ಸಿ.ಎ. ಅಂತಿಮ ವರ್ಷದವರಿಗೆ ಪಾಠ ಹೇಳುವ ನಾನು ಇದನ್ನು ವಿದ್ಯಾರ್ಥಿಗಳ ಜೊತೆಗೇ ಕೂತು ಓದಿದ್ದೇನೆ. ಕೆಲಸ ಹುಡುಕುವ ಮುನ್ನ ಯಾವ ಪ್ರಮಾಣಪತ್ರ ಪಡೆಯಲಿ ಎಂದು ಕೇಳುವವರಿಗೆ ಮೊದಲು ಹೇಳುವುದೂ ಇದನ್ನೇ.

ಅದಕ್ಕೆ ಮುಖ್ಯ ಕಾರಣ ಪರೀಕ್ಷೆ. ವಿಡಿಯೊ ಕೊನೆಯವರೆಗೆ ಓಡಿದರೆ ಸಾಕು ಎನ್ನುವ ಪ್ರಮಾಣಪತ್ರಗಳು ಇಂದು ಹೇರಳವಾಗಿವೆ. ಓದಿದವರನ್ನೂ ಓದದವರನ್ನೂ ಅವು ಬೇರ್ಪಡಿಸುವುದಿಲ್ಲ. ಇಲ್ಲಿ ಪಾಠ ಕೇಳುವುದು ಉಚಿತ, ಆದರೆ ಪ್ರಮಾಣಪತ್ರ ಬೇಕಾದವರು ಶುಲ್ಕ ಕಟ್ಟಿ, ಗೊತ್ತುಪಡಿಸಿದ ಕೇಂದ್ರಕ್ಕೆ ಹೋಗಿ, ಮೇಲ್ವಿಚಾರಕರ ಎದುರು ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟುಗಳಿಗೆ 25 ಅಂಕ, ಪರೀಕ್ಷೆಗೆ 75. ಮೊದಲನೆಯದರಲ್ಲಿ 10, ಎರಡನೆಯದರಲ್ಲಿ 30 ಅಂಕವಾದರೂ ಬರದಿದ್ದರೆ ಉತ್ತೀರ್ಣರಾಗುವುದಿಲ್ಲ.

ಪಾಠದ ಹೂರಣವೂ ಗಟ್ಟಿಯಾಗಿದೆ. ಹುಡುಕಾಟದ ಕ್ರಮಗಳು, ಆಟಗಳಲ್ಲಿ ಎದುರಾಳಿಯ ನಡೆಯ ಲೆಕ್ಕ, ತರ್ಕ, ರೀಇನ್‌ಫೋರ್ಸ್‌ಮೆಂಟ್ ಲರ್ನಿಂಗ್ (ಮಾಡಿದ ಕೆಲಸದ ಫಲ ನೋಡಿ ಯಂತ್ರ ತಾನೇ ಕಲಿಯುವ ವಿಧಾನ) ಎಲ್ಲವೂ ಇವೆ. ನನಗೆ ಹೆಚ್ಚು ಹಿಡಿಸಿದ್ದು ಬೇಸಿಯನ್ ನೆಟ್‌ವರ್ಕ್ ಭಾಗ. ಮೋಡ ಮುಸುಕಿದ ತೇವದ ಹವೆ, ಎಲೆಯ ಮೇಲಿನ ಕಂದು ಮಚ್ಚೆ, ಪಕ್ಕದ ಹೊಲದ ಸ್ಥಿತಿ ಇವನ್ನು ನೋಡಿ ಆಲೂಗಡ್ಡೆಗೆ ಅಂಗಮಾರಿ ತಗುಲಿರಬಹುದೇ ಎಂದು ನಮ್ಮ ರೈತರು ಅಂದಾಜು ಮಾಡುತ್ತಾರಲ್ಲ, ಹೊಸ ಸುಳಿವು ಸಿಕ್ಕಂತೆಲ್ಲ ಆ ಅಂದಾಜನ್ನು ಎಷ್ಟು ತಿದ್ದಬೇಕೆಂದು ಈ ಭಾಗ ಲೆಕ್ಕ ಹಾಕಿ ತೋರಿಸುತ್ತದೆ. ತರಗತಿಯಲ್ಲಿ ಈ ಉದಾಹರಣೆ ಕೊಟ್ಟ ಮೇಲೆ ಸೂತ್ರಕ್ಕೆ ಹೆದರುವವರು ಕಡಿಮೆಯಾದರು.

ಉಪನ್ಯಾಸಗಳು ಇಂಗ್ಲಿಷಿನಲ್ಲಿವೆ. ನಾಲ್ಕೈದು ಮಂದಿ ಒಟ್ಟಿಗೆ ಕೇಳಿ, ಆಗಾಗ ನಿಲ್ಲಿಸಿ ಕನ್ನಡದಲ್ಲಿ ಚರ್ಚಿಸಿದರೆ ಆ ತೊಡಕು ಬಹುಪಾಲು ನೀಗುತ್ತದೆ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಕೋರ್ಸಿನ ಒತ್ತು ತತ್ತ್ವದ ಮೇಲಿದೆ. ಸ್ವಂತವಾಗಿ ಏನನ್ನಾದರೂ ಕಟ್ಟುವ ಅಭ್ಯಾಸವನ್ನು ಅದೊಂದೇ ಕೊಡಲಾರದು. ಸಂದರ್ಶನದಲ್ಲಿ ‘ನೀವು ಮಾಡಿದ್ದೇನು’ ಎಂಬ ಪ್ರಶ್ನೆ ಬರುತ್ತದೆಯಾದ್ದರಿಂದ, ಪೈಥಾನ್‌ನಲ್ಲಿ ಚಿಕ್ಕದಾದರೂ ಒಂದು ಪ್ರಾಜೆಕ್ಟನ್ನು ಪೂರ್ತಿ ಮಾಡಿ, ಅದರ ಪ್ರತಿ ಸಾಲನ್ನೂ ವಿವರಿಸಬಲ್ಲಷ್ಟು ತಯಾರಾಗುವುದು ಅಗತ್ಯ.

ವಾಣಿಜ್ಯ ಅಥವಾ ಕಲಾ ವಿಭಾಗದಿಂದ ಬಿ.ಸಿ.ಎ.ಗೆ ಬಂದವರು ಹೆಸರು ನೋಂದಾಯಿಸುವ ಮೊದಲು ದ್ವಿತೀಯ ಪಿಯುಸಿ ಗಣಿತದ ಸಂಭವನೀಯತೆಯ ಅಧ್ಯಾಯವನ್ನು, ಅದರಲ್ಲೂ ಬೇಸಿಯನ್ ನೆಟ್‌ವರ್ಕ್ ಭಾಗಕ್ಕೆ ಆಧಾರವಾದ ಬೇಸ್ ಪ್ರಮೇಯವನ್ನು, ಲೆಕ್ಕಗಳ ಸಮೇತ ಮುಗಿಸಿಕೊಳ್ಳಲಿ.