ಮುಂಬಯಿಯಿಂದ ಉಡುಪಿಗೆ: ರೈಲು, ವಿಮಾನಗಳ ದರ ಮತ್ತು ಸೇವೆಯ ಬಗ್ಗೆ ದೀರ್ಘಕಾಲದ ಬಳಕೆದಾರನ ಅನುಭವ

ಮುಂಬಯಿಯಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಊರಿಗೆ ಹೋಗಲು ಬಸ್ಸನ್ನು ಬಿಟ್ಟರೆ ಎರಡು ದಾರಿಗಳಿವೆ: ಕೊಂಕಣ ಮಾರ್ಗದ ರೈಲು ಅಥವಾ ಮಂಗಳೂರಿನ ವಿಮಾನ ನಿಲ್ದಾಣವಿರುವ ಬಜ್ಪೆಗೆ ಹೋಗುವ ವಿಮಾನ. ಎರಡನ್ನೂ ನಾನು ಹಲವು ವರ್ಷಗಳಿಂದ, ಕೆಲವೊಮ್ಮೆ ಒಬ್ಬನೇ, ಕೆಲವೊಮ್ಮೆ ವಯಸ್ಸಾದ ತಾಯಿಯೊಂದಿಗೆ ಬಳಸುತ್ತ ಬಂದಿದ್ದೇನೆ. ಟಿಕೆಟ್‌ ಮೇಲಿನ ದರವನ್ನಷ್ಟೇ ನೋಡಿದರೆ ಇವುಗಳ ನಡುವಿನ ವ್ಯತ್ಯಾಸ ಪೂರ್ತಿ ತಿಳಿಯುವುದಿಲ್ಲ. ಹೊರಡುವ ದಿನ ಬದಲಾದಾಗ ಅಥವಾ ಸಾವಿನ ಸುದ್ದಿ ಕೇಳಿ ತಕ್ಷಣ ಹೊರಡಬೇಕಾದಾಗ ನಮ್ಮ ಕೈಯಿಂದ ಎಷ್ಟು ಹಣ ಹೋಗುತ್ತದೆ ಎಂಬುದನ್ನೂ ನೋಡಬೇಕು.

ಕೊಂಕಣ ರೈಲು ಮಾರ್ಗದಲ್ಲಿ ನಿಜವಾದ ದೂರಕ್ಕೆ ಶೇ. 40ರಷ್ಟು ಸೇರಿಸಿ ದರವನ್ನು ಲೆಕ್ಕ ಹಾಕುವುದರಿಂದ, ಅಷ್ಟೇ ದೂರದ ಬೇರೆ ಮಾರ್ಗಗಳಿಗಿಂತ ಇಲ್ಲಿ ಟಿಕೆಟ್‌ ದುಬಾರಿ. ಆದರೂ ಮತ್ಸ್ಯಗಂಧದಂತಹ ಸಾಮಾನ್ಯ ಎಕ್ಸ್‌ಪ್ರೆಸ್‌ನಲ್ಲಿ ಮೊದಲು ಕೊಂಡವರಿಗೂ ಕೊನೆಗೆ ಕೊಂಡವರಿಗೂ ದರ ಒಂದೇ. ತತ್ಕಾಲ್‌ನಲ್ಲಿ ಮೂಲದರದ ಶೇ. 30ರಷ್ಟು ಹೆಚ್ಚು ಕೊಡಬೇಕಾದರೂ ಅದಕ್ಕೊಂದು ಮಿತಿಯಿದೆ. ತ್ರೀ-ಟಯರ್‌ ಎಸಿಯಲ್ಲಿ ಅದು 400 ರೂಪಾಯಿಯನ್ನು ದಾಟುವುದಿಲ್ಲ. ರೈಲಿನ ನಿಜವಾದ ತೊಂದರೆ ಬರ್ತ್‌ ಸಿಗದಿರುವುದು. 2024ರ ನವೆಂಬರ್‌ 1ರಿಂದ ಮುಂಗಡ ಬುಕಿಂಗ್‌ ಅವಧಿಯನ್ನು 120 ದಿನಗಳಿಂದ 60 ದಿನಗಳಿಗೆ ಇಳಿಸಲಾಗಿದೆ. ಚೌತಿಗೂ ಮೇ ತಿಂಗಳ ರಜೆಗೂ ಬೆಳಿಗ್ಗೆ 8 ಗಂಟೆಗೆ ಬುಕಿಂಗ್‌ ತೆರೆದ ಕೆಲವೇ ನಿಮಿಷಗಳಲ್ಲಿ ವೇಟಿಂಗ್‌ ಲಿಸ್ಟ್‌ ಆರಂಭವಾಗುತ್ತದೆ. ಚಾರ್ಟ್‌ ಸಿದ್ಧವಾದ ಮೇಲೂ ವೇಟಿಂಗ್‌ನಲ್ಲೇ ಉಳಿದ ಇ-ಟಿಕೆಟ್‌ ತಾನಾಗಿ ರದ್ದಾಗಿ, ಅಲ್ಪ ಶುಲ್ಕವನ್ನು ಕಳೆದು ಉಳಿದ ಹಣ ಖಾತೆಗೆ ಮರಳುವುದು ದೊಡ್ಡ ಸಮಾಧಾನ.

ವಿಮಾನದ ದರಕ್ಕೆ ಇಂಥ ಮಿತಿಯಿಲ್ಲ; ನಮ್ಮ ಅವಸರ ಹೆಚ್ಚಿದಷ್ಟೂ ಅದು ಏರುತ್ತದೆ. ತಿಂಗಳುಗಳ ಮೊದಲೇ ಕೊಂಡರೆ ಕೆಲವೊಮ್ಮೆ ಟು-ಟಯರ್‌ ಎಸಿಯ ಸಮೀಪಕ್ಕೆ ಬರುವ ದರ, ಮರುದಿನದ ಪ್ರಯಾಣಕ್ಕೆ ಕೇಳಿದರೆ ಹಲವು ಪಟ್ಟಾಗಿರುತ್ತದೆ. 2025ರ ಡಿಸೆಂಬರ್‌ನಲ್ಲಿ ದೇಶದಾದ್ಯಂತ ಸಾವಿರಾರು ವಿಮಾನಗಳು ರದ್ದಾಗಿ ಉಳಿದ ವಿಮಾನಗಳ ದರ ಗಗನಕ್ಕೇರಿದಾಗ, ಕೇಂದ್ರ ಸರ್ಕಾರವು 500ರಿಂದ 1,000 ಕಿ.ಮೀ. ದೂರಕ್ಕೆ 12,000 ರೂಪಾಯಿಯ ತಾತ್ಕಾಲಿಕ ಮಿತಿಯನ್ನು ಹಾಕಬೇಕಾಯಿತು. ಅಂತ್ಯಕ್ರಿಯೆಗೆ ಹೊರಟವರು ಇಷ್ಟೊಂದು ತೆರಬೇಕಾಗುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಇದರ ಮೇಲೆ ಬಜ್ಪೆಯಿಂದ ಉಡುಪಿಗೆ ಟ್ಯಾಕ್ಸಿಯ ಖರ್ಚು ಬೇರೆ; ರೈಲಾದರೆ ಉಡುಪಿಯ ರೈಲು ನಿಲ್ದಾಣವಿರುವ ಇಂದ್ರಾಳಿಯಲ್ಲಿಯೇ ಇಳಿಯಬಹುದು. ವಿಮಾನದಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಸಾಮಾನಿಗಷ್ಟೇ ಅವಕಾಶವಿದ್ದರೆ ತ್ರೀ-ಟಯರ್‌ ಎಸಿಯಲ್ಲಿ 40 ಕೆ.ಜಿ.ವರೆಗೆ ಶುಲ್ಕವಿಲ್ಲ. ಊರಿಂದ ಕುಚ್ಚಲಕ್ಕಿ, ಹಪ್ಪಳ ಹೊತ್ತು ತರುವವರಿಗೆ ಇದು ಸಣ್ಣ ಮಾತಲ್ಲ.

ಸೇವೆಯ ವಿಷಯದಲ್ಲಿ ವಿಮಾನ ಸಂಸ್ಥೆಗಳ ಸಿಬ್ಬಂದಿಯ ಮಾತು ಮೃದುವಾಗಿರುತ್ತದೆ, ತಾಯಿಗೆ ಗಾಲಿಕುರ್ಚಿ ಕೇಳಿದಾಗಲೆಲ್ಲ ಸಿಕ್ಕಿದೆ. ಆದರೆ ಒಂದು ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಮಂಜಿನಲ್ಲಿ ಕಾಣದೆ ನಮ್ಮ ವಿಮಾನವನ್ನು ಬೆಂಗಳೂರಿಗೆ ತಿರುಗಿಸಿದಾಗ, ಮುಂದೇನು ಎಂದು ಹೇಳುವವರು ಬಹಳ ಹೊತ್ತು ಯಾರೂ ಇರಲಿಲ್ಲ. ಹವಾಮಾನದ ಕಾರಣಕ್ಕೆ ಪರಿಹಾರಧನ ಸಿಗುವುದಿಲ್ಲ, ಅದು ನಿಯಮ. ಆದರೆ ದೀರ್ಘ ವಿಳಂಬದಲ್ಲಿ ಉಪಾಹಾರ ಕೊಡಬೇಕೆಂಬುದೂ ನಿಯಮವೇ. ಅದು ಕೌಂಟರಿಗೆ ಹೋಗಿ ಕೇಳಿದವರಿಗೆ ಮಾತ್ರ ದೊರೆಯಿತು. ನಿಯಮ ತಿಳಿಯದ ಹಿರಿಯರು ಹಸಿದು ಕುಳಿತಿದ್ದುದು ನನಗೆ ಇಂದಿಗೂ ಸಂಕಟದ ನೆನಪು. ರೈಲಿನಲ್ಲಿ ಅಂಥ ಮೃದು ಮಾತು ಅಪರೂಪ. ಆದರೂ ರೈಲ್ವೆ ಸಹಾಯವಾಣಿ 139ಕ್ಕೆ ಕೊಟ್ಟ ದೂರಿಗೆ ಮುಂದಿನ ದೊಡ್ಡ ನಿಲ್ದಾಣದಲ್ಲಿ ಶುಚಿ ಮಾಡುವವರು ಬಂದುದನ್ನು ಕಂಡಿದ್ದೇನೆ. ಗಾಡಿ ಮೂರು ಗಂಟೆಗಿಂತ ಹೆಚ್ಚು ತಡವಾಗಿ ಪ್ರಯಾಣ ಕೈಬಿಟ್ಟರೆ ಪೂರ್ಣ ಹಣ ಪಡೆಯಬಹುದು, ಅದಕ್ಕೆ ಗಾಡಿ ಹೊರಡುವ ಮೊದಲೇ ಟಿಡಿಆರ್‌ (ಹಣ ಮರಳಿಸುವಂತೆ ಕೋರುವ ಅರ್ಜಿ) ಸಲ್ಲಿಸಬೇಕು.

ದಿನ ಮೊದಲೇ ಗೊತ್ತಿರುವ ಪ್ರಯಾಣಕ್ಕೆ ನಾನು ರೈಲನ್ನೇ ಆರಿಸುತ್ತೇನೆ. ಅದರ ಬಗ್ಗೆ ನನಗಿರುವ ದೊಡ್ಡ ಆಕ್ಷೇಪ ದರದ್ದೇ: 58 ದಾಟಿದ ಮಹಿಳೆಯರಿಗೆ ಶೇ. 50, 60 ದಾಟಿದ ಪುರುಷರಿಗೆ ಶೇ. 40ರಷ್ಟಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ನಿಲ್ಲಿಸಲಾಯಿತು. ಸ್ಲೀಪರ್‌ ಮತ್ತು ತ್ರೀ-ಟಯರ್‌ ಎಸಿಯಲ್ಲಾದರೂ ಅದನ್ನು ಮರಳಿ ಕೊಡುವಂತೆ ಸಂಸದೀಯ ಸ್ಥಾಯಿ ಸಮಿತಿಯೇ ಸಲಹೆ ನೀಡಿತ್ತು. ರೈಲ್ವೆ ಇಲಾಖೆ ಆ ಸಲಹೆಯನ್ನು ಒಪ್ಪಿ ಜಾರಿಗೆ ತರಬೇಕು.