ಅಳಲೆಕಾಯಿ: ಹಲವು ವರ್ಷ ಬಳಸಿದ ಮೇಲೆ ಬರೆದ ವಿಮರ್ಶೆ

ಹಗಲೆಲ್ಲ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸದಿಂದ ನನಗೆ ಅಂಟಿಕೊಂಡಿದ್ದ ಮಲಬದ್ಧತೆಗೆ ಆಯುರ್ವೇದ ವೈದ್ಯರು ಸೂಚಿಸಿದ್ದು ಅಳಲೆಕಾಯಿಯನ್ನು. ಅಂದಿನಿಂದ ಡಬ್ಬಿಯಲ್ಲಿ ಬರುವ ಚೂರ್ಣ, ಮಾತ್ರೆ, ಗ್ರಂಥಿಗೆ ಅಂಗಡಿಯಿಂದ ತಂದ ಇಡೀ ಒಣಕಾಯಿ, ಈ ಮೂರನ್ನೂ ವರ್ಷಗಟ್ಟಲೆ ಬಳಸಿ ನೋಡಿದ್ದೇನೆ. ಇಡೀ ಕಾಯಿಯನ್ನು ತಂದು ಬೇಕಾದಷ್ಟನ್ನೇ ಮನೆಯಲ್ಲಿ ಕುಟ್ಟಿಕೊಳ್ಳುವುದೇ ಎಲ್ಲಕ್ಕಿಂತ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಯಿಯ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಒಳ್ಳೆಯ ಅಳಲೆಕಾಯಿ ಹಳದಿ ಮಿಶ್ರಿತ ಕಂದು ಬಣ್ಣದ್ದಾಗಿದ್ದು, ಮೈಮೇಲೆ ಉದ್ದುದ್ದಕ್ಕೆ ಐದು ಏಣುಗಳಿರುತ್ತವೆ ಮತ್ತು ಅಂಗೈಯಲ್ಲಿಟ್ಟರೆ ಗಾತ್ರಕ್ಕೆ ಮೀರಿದ ತೂಕ ತಿಳಿಯುತ್ತದೆ. ನೀರಿಗೆ ಹಾಕಿದಾಗ ಮುಳುಗುವ ಕಾಯಿಯೇ ಉತ್ತಮವೆಂದು ಆಯುರ್ವೇದದ ಹಳೆಯ ಗ್ರಂಥವಾದ ಭಾವಪ್ರಕಾಶ ಹೇಳುತ್ತದೆ. ನಾನು ಇಂದಿಗೂ ಹಾಗೆಯೇ ಪರೀಕ್ಷಿಸಿ, ಮುಳುಗಿದ್ದನ್ನು ಒರೆಸಿ ಬಿಸಿಲಿಗಿಟ್ಟು, ತೇಲಿದ್ದನ್ನೂ ಹುಳು ಕೊರೆದ ತೂತು ಇರುವುದನ್ನೂ ಬೇರ್ಪಡಿಸುತ್ತೇನೆ. ಕುಟ್ಟಾಣಿಯಲ್ಲಿ ಒಂದು ಪೆಟ್ಟು ಕೊಟ್ಟರೆ ಮೇಲಿನ ಒಣತಿರುಳು ಹೋಳಾಗಿ ಸಿಡಿದು, ಒಳಗಿನ ಗಟ್ಟಿ ಬೀಜ ಬೇರೆಯಾಗುತ್ತದೆ. ಔಷಧಿಗೆ ಬಳಸುವುದು ಆ ತಿರುಳನ್ನು ಮಾತ್ರ. ಅದರ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರೆ ಮೊದಲು ಬರುವುದು ನಾಲಿಗೆಯನ್ನೇ ಹಿಡಿದಿಡುವಂಥ ಒಗರು, ಅದರ ಹಿಂದೆಯೇ ಸಣ್ಣ ಕಹಿ, ಆಮೇಲೆ ನೀರು ಕುಡಿದಾಗ ನೆಲ್ಲಿಕಾಯಿ ತಿಂದ ಮೇಲೆ ಬರುವಂಥ ತೆಳುವಾದ ಸಿಹಿ. ಉಪ್ಪೊಂದನ್ನು ಬಿಟ್ಟು ಉಳಿದ ಐದು ರಸಗಳೂ ಇದರಲ್ಲಿವೆ ಎಂದು ಶಾಸ್ತ್ರ ಹೇಳುವುದು ಉತ್ಪ್ರೇಕ್ಷೆಯಲ್ಲವೆಂದು ಆಗ ಅನ್ನಿಸುತ್ತದೆ.

ಒಂದೇ ಕಾಯಿ ಬಳಸುವ ವಿಧಾನಕ್ಕೆ ತಕ್ಕಂತೆ ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದು ಇದರ ಬಗ್ಗೆ ನನಗೆ ಅತ್ಯಂತ ಮೆಚ್ಚುಗೆಯಾದ ಸಂಗತಿ. ಅಗಿದು ತಿಂದರೆ ಹಸಿವನ್ನು ಹೆಚ್ಚಿಸುತ್ತದೆ, ಅರೆದು ತೆಗೆದುಕೊಂಡರೆ ಹೊಟ್ಟೆಯನ್ನು ಶುದ್ಧಿ ಮಾಡುತ್ತದೆ, ಬೇಯಿಸಿದರೆ ಮಲವನ್ನು ಕಟ್ಟುತ್ತದೆ, ಹುರಿದರೆ ವಾತ, ಪಿತ್ತ, ಕಫ ಎಂಬ ಮೂರೂ ದೋಷಗಳನ್ನು ಶಮನ ಮಾಡುತ್ತದೆ ಎಂಬ ವಿವರಣೆಯೂ ಭಾವಪ್ರಕಾಶದಲ್ಲಿದೆ. ಅವುಗಳಲ್ಲಿ ಮೊದಲ ಎರಡನ್ನು ನಾನು ಮತ್ತೆ ಮತ್ತೆ ಅನುಭವಿಸಿದ್ದೇನೆ. ರಾತ್ರಿ ಮಲಗುವ ಮುಂಚೆ ಪುಡಿಯನ್ನು ಬೆಚ್ಚಗಿನ ನೀರಿನಲ್ಲಿ ಕುಡಿದರೆ ಬೆಳಿಗ್ಗೆ ತಿಣುಕದೆ ಶೌಚವಾಗುತ್ತದೆ. ಭೇದಿಗೆ ಬಳಸುವ ಸೋನಾಮುಖಿ ಎಲೆ ತೆಗೆದುಕೊಂಡಾಗ ನನಗೆ ಆಗುತ್ತಿದ್ದ ಕಿಬ್ಬೊಟ್ಟೆಯ ನುಲಿತ ಇದರಲ್ಲಿಲ್ಲ. ಔಷಧಿಗಳ ಗುಣಮಟ್ಟ, ಪ್ರಮಾಣಗಳನ್ನು ತಿಳಿಸುವ ಅಧಿಕೃತ ಗ್ರಂಥವಾದ ಭಾರತೀಯ ಆಯುರ್ವೇದ ಫಾರ್ಮಕೋಪಿಯಾ ಚೂರ್ಣದ ಪ್ರಮಾಣವನ್ನು 3ರಿಂದ 6 ಗ್ರಾಂ ಎಂದು ನಿಗದಿಪಡಿಸಿದೆ. ನನಗೆ ಕೆಳಗಿನ ಮಿತಿಯೇ ಸಾಕಾಗುತ್ತದೆ, ಹೊಸದಾಗಿ ಶುರು ಮಾಡುವವರಿಗೂ ಅಲ್ಲಿಂದಲೇ ಆರಂಭಿಸಲು ಹೇಳುತ್ತೇನೆ.

ಋತುವಿಗೆ ತಕ್ಕ ಜೊತೆಯೊಂದನ್ನು ಸೇರಿಸುವ ಋತುಹರೀತಕಿ (ಹರೀತಕಿ ಎಂದರೆ ಸಂಸ್ಕೃತದಲ್ಲಿ ಅಳಲೆಕಾಯಿ) ಪದ್ಧತಿಯನ್ನೂ ಅನುಸರಿಸಿದ್ದೇನೆ. ವರ್ಷ ಋತುವಿನಲ್ಲಿ ಸೈಂಧವ ಲವಣ, ಶರತ್ಕಾಲದಲ್ಲಿ ಸಕ್ಕರೆ, ಹೇಮಂತದಲ್ಲಿ ಶುಂಠಿ, ಶಿಶಿರದಲ್ಲಿ ಹಿಪ್ಪಲಿ, ವಸಂತದಲ್ಲಿ ಜೇನುತುಪ್ಪ, ಗ್ರೀಷ್ಮದಲ್ಲಿ ಬೆಲ್ಲ ಎಂಬುದು ಅದರ ಕ್ರಮ. ಮಳೆಗಾಲದ ಹೊಟ್ಟೆಯುಬ್ಬರಕ್ಕೆ ಸೈಂಧವ ಲವಣದ ಜೊತೆ ಇದು ನಿಜಕ್ಕೂ ಹಿತವಾಗಿದೆ, ಬೇಸಿಗೆಯಲ್ಲಿ ಬೆಲ್ಲ ಸೇರಿಸಿದರೆ ಒಗರು ತಗ್ಗಿ ಸೇವಿಸಲು ಸುಲಭವಾಗುತ್ತದೆ. ಉಳಿದ ಋತುಗಳಲ್ಲಿ ನನಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಗಂಟಲು ಕೆರೆಯುವಾಗ ಒಂದು ಚೂರನ್ನು ದವಡೆಯಲ್ಲಿಟ್ಟು ನಿಧಾನವಾಗಿ ರಸ ನುಂಗುವುದು, ವಸಡು ಊದಿಕೊಂಡಾಗ ಇದರ ಕಷಾಯದಿಂದ ಬಾಯಿ ಮುಕ್ಕಳಿಸುವುದು, ಇವೆರಡೂ ನಮ್ಮ ಮನೆಯಲ್ಲಿ ಚೆನ್ನಾಗಿ ಉಪಯೋಗಕ್ಕೆ ಬಂದಿವೆ.

ಚೂರ್ಣದ ಡಬ್ಬಿಗಳ ವಿಷಯದಲ್ಲಿ ನನ್ನ ಅನುಭವ ಅಷ್ಟು ಒಳ್ಳೆಯದಲ್ಲ. ಒಮ್ಮೆ ಕೊಂಡ ಚೂರ್ಣವು ಲೋಟದ ತಳದಲ್ಲಿ ಮರಳಿನಂತೆ ಉಳಿಯುತ್ತಿತ್ತು. ಬೆರಳಲ್ಲಿ ತಿಕ್ಕಿ ನೋಡಿದರೆ ಬೀಜದ ಗಡಸು ಚೂರುಗಳು ಸಿಕ್ಕವು, ಒಗರೂ ಅರ್ಧಕ್ಕರ್ಧ ಇಳಿದಿತ್ತು. ಬೀಜವನ್ನೂ ಸೇರಿಸಿ ಬೀಸಿದರೆ ತೂಕ ಬರುತ್ತದೆ, ಗುಣ ಬರುವುದಿಲ್ಲ. ಚೂರ್ಣದ ಶಕ್ತಿ ಎರಡು ತಿಂಗಳ ಮೇಲೆ ಕುಂದುತ್ತದೆಂದು ಮತ್ತೊಂದು ಹಳೆಯ ಆಯುರ್ವೇದ ಗ್ರಂಥ ಶಾರ್ಙ್ಗಧರ ಸಂಹಿತೆಯಲ್ಲಿದೆ. ಹೀಗಿರುವಾಗ ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕುಳಿತ ಡಬ್ಬಿಗಿಂತ, ಹದಿನೈದು ದಿನಕ್ಕಾಗುವಷ್ಟು ಕುಟ್ಟಿ, ಜರಡಿ ಹಿಡಿದು, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಟ್ಟ ಪುಡಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಮಾತ್ರೆ ಪ್ರಯಾಣಕ್ಕೆ ಅನುಕೂಲ, ಅಷ್ಟೇ.

ಎಚ್ಚರಿಕೆಯ ಮಾತುಗಳನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮಾರುವವರು ಇವನ್ನು ಹೇಳುವುದು ಕಡಿಮೆ. ಗರ್ಭಿಣಿಯರು, ತೀರಾ ಕೃಶರಾದವರು, ಉಪವಾಸದಿಂದಲೋ ಬಾಯಾರಿಕೆಯಿಂದಲೋ ಬಳಲಿರುವವರು, ಪಿತ್ತ ಹೆಚ್ಚಿರುವವರು ಇದನ್ನು ಸೇವಿಸಬಾರದೆಂಬ ನಿಷೇಧ ಶಾಸ್ತ್ರದಲ್ಲೇ ಇದೆ. ಅಳಲೆಕಾಯಿಯಲ್ಲಿ ಒಗರು ಕೊಡುವ ಟ್ಯಾನಿನ್ ಅಂಶ ಬಹಳ. ಚರ್ಮ ಹದ ಮಾಡಲು ಇದನ್ನು ಬಳಸುವುದು ಆ ಕಾರಣಕ್ಕೇ. ಕಬ್ಬಿಣದ ಸೌಟಿನಿಂದ ಇದರ ಕಷಾಯವನ್ನು ಕದಡಿದರೆ ಕ್ಷಣದಲ್ಲಿ ಶಾಯಿಯಂತೆ ಕಪ್ಪಾಗುತ್ತದೆ. ಟ್ಯಾನಿನ್ ಹೊಟ್ಟೆಯಲ್ಲೂ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸೇರದಂತೆ ಮಾಡುತ್ತದೆ; ಆದ್ದರಿಂದ ರಕ್ತಹೀನತೆಗೆ ಕಬ್ಬಿಣದ ಮಾತ್ರೆ ನುಂಗುತ್ತಿರುವವರು ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳದೆ, ನಡುವೆ ಎಷ್ಟು ಅಂತರವಿರಬೇಕೆಂದು ವೈದ್ಯರನ್ನು ಕೇಳಬೇಕು. ಹಸುಗೂಸುಗಳಿಗೆ ಅಳಲೆಕಾಯಿ, ಬಜೆಗಳನ್ನು ಕಲ್ಲಿನ ಮೇಲೆ ತೇಯ್ದು ನೆಕ್ಕಿಸುವ ಪದ್ಧತಿ ನಮ್ಮಲ್ಲಿ ತಲೆಮಾರುಗಳಿಂದ ಬಂದಿದ್ದರೂ, ಮೊದಲ ಆರು ತಿಂಗಳು ತಾಯಿಯ ಹಾಲಲ್ಲದೆ ಬೇರೇನನ್ನೂ ಕೊಡಬಾರದೆಂಬ ಮಕ್ಕಳ ವೈದ್ಯರ ಮಾತನ್ನೇ ನಾನು ಪಾಲಿಸುತ್ತೇನೆ, ಮನೆಯ ಹಿರಿಯರಿಗೂ ಅದನ್ನೇ ವಿನಯದಿಂದ ತಿಳಿಸಿದ್ದೇನೆ. ಇದ್ದಕ್ಕಿದ್ದಂತೆ ಶುರುವಾದ ಮಲಬದ್ಧತೆ, ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಇವು ಕಂಡರೆ ಮನೆಮದ್ದು ಬಿಟ್ಟು ತಪಾಸಣೆಗೆ ಹೋಗಬೇಕು. ಇನ್ನು ಸಕ್ಕರೆ ಕಾಯಿಲೆಯಿಂದ ಹಿಡಿದು ಕೂದಲು ಉದುರುವವರೆಗೆ ಎಲ್ಲವನ್ನೂ ಗುಣಪಡಿಸುತ್ತದೆಂದು ಕೆಲವು ಡಬ್ಬಿಗಳ ಮೇಲೆ ಬರೆದಿರುತ್ತಾರೆ. ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆಗಳನ್ನು ಯಾರೂ ನಿಲ್ಲಿಸಬಾರದೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದನ್ನು ಕಡಿಮೆ ಮಾಡಿದ್ದು ಅಂಗಡಿಯಿಂದ ಅಂಗಡಿಗೆ ಬದಲಾಗುವ ಗುಣಮಟ್ಟಕ್ಕಾಗಿ. ಅಳಲೆಕಾಯಿಯೊಂದನ್ನೇ ತೆಗೆದುಕೊಂಡಾಗ ಬಾಯಿ ಒಣಗುತ್ತದೆ, ಉಷ್ಣವಾಗುತ್ತದೆ ಎನ್ನುವವರು ಇದರ ಜೊತೆ ತಾರೆಕಾಯಿ ಮತ್ತು ತಂಪು ಗುಣದ ನೆಲ್ಲಿಕಾಯಿಯೂ ಸಮಪ್ರಮಾಣದಲ್ಲಿ ಸೇರಿರುವ ತ್ರಿಫಲಾ ಚೂರ್ಣವನ್ನು ವೈದ್ಯರ ಸಲಹೆಯಂತೆ ಪ್ರಯತ್ನಿಸಬಹುದು. ನಮ್ಮ ಮನೆಯಲ್ಲಿ ಉಷ್ಣ ಪ್ರಕೃತಿಯವರಿಗೆ ಅದೇ ಒಗ್ಗಿದೆ.