ಪಿಒಇ ಪೆಟ್ಟಿಗೆಗೆ ಯಾವ ಚಿಪ್? ನಾಲ್ಕು ಬೋರ್ಡ್ ಮಾಡಿ ನೋಡಿದ ಮೇಲೆ

ಒಂದೇ ಪೆಟ್ಟಿಗೆಗೆ ನಾಲ್ಕು ಬಗೆಯ ಪವರ್ ಬೋರ್ಡ್ ಮಾಡಿ ನೋಡಿದ್ದೇನೆ. ದೊಡ್ಡಬಳ್ಳಾಪುರದ ಕಡೆಯ ಒಂದು ಪಾಲಿಹೌಸ್‌ನಲ್ಲಿ ತೇವ, ತಾಪಮಾನ ಅಳೆಯುವ ಪೆಟ್ಟಿಗೆ ಅದು. ಒಳಗೆ ಮೈಕ್ರೋಕಂಟ್ರೋಲರ್, ಈಥರ್ನೆಟ್, ಎರಡು ರಿಲೇ, ಹೊರಗಿನ ಸೆನ್ಸರ್‌ಗಳಿಗೆ ಒಂದು ಆರ್‌ಎಸ್-485 ಪೋರ್ಟ್. ಎಲ್ಲ ಸೇರಿ 5 ವೋಲ್ಟ್‌ನಲ್ಲಿ 4 ವ್ಯಾಟ್ ದಾಟುವುದಿಲ್ಲ. ದಿನವೂ ನೀರು ಸಿಂಪಡಿಸುವ ಜಾಗಕ್ಕೆ 230 ವೋಲ್ಟ್ ಲೈನ್ ಎಳೆಯಲು ಮನಸ್ಸು ಬರಲಿಲ್ಲ. ಡೇಟಾ ಹೋಗುವ ಕೇಬಲ್‌ನಲ್ಲೇ ಕರೆಂಟೂ ಬಂದರೆ ಮುಗಿಯಿತು ಅಲ್ವಾ? ಅದಕ್ಕೇ ಪಿಒಇ (ಪವರ್ ಓವರ್ ಈಥರ್ನೆಟ್) ಅನ್ನೋದು.

ಈ ಕೆಲಸಕ್ಕೆ ಚಿಪ್ ಹುಡುಕಲು ಕೂತರೆ ಪಟ್ಟಿ ಮುಗಿಯುವುದೇ ಇಲ್ಲ. ಆದರೆ ಮೊದಲ ಕೆಲಸವನ್ನು ಎಲ್ಲವೂ ಒಂದೇ ರೀತಿ ಮಾಡುತ್ತವೆ. ನೆಟ್‌ವರ್ಕ್ ಸ್ವಿಚ್ ಮೊದಲು 10 ವೋಲ್ಟ್‌ನ ಆಸುಪಾಸಿಗಿಂತ ಕಡಿಮೆ ವೋಲ್ಟೇಜ್ ಕಳಿಸಿ, ಆ ತುದಿಯಲ್ಲಿ 25 ಕಿಲೋಓಮ್ ಕಾಣುತ್ತದಾ ಅಂತ ನೋಡುತ್ತದೆ. ಕಂಡರೆ ವೋಲ್ಟೇಜ್ ಸ್ವಲ್ಪ ಏರಿಸಿ ಯಾವ ಕ್ಲಾಸ್, ಅಂದರೆ ಎಷ್ಟು ಪವರ್ ಬೇಕು, ಅಂತ ಕೇಳುತ್ತದೆ. ಚಿಪ್ ಎಳೆಯುವ ಕರೆಂಟೇ ಅದಕ್ಕೆ ಉತ್ತರ, ಆ ಕರೆಂಟನ್ನು ಒಂದು ರೆಸಿಸ್ಟರ್ ನಿರ್ಧರಿಸುತ್ತದೆ. ಆಮೇಲೆ ಪೂರ್ತಿ 48 ವೋಲ್ಟ್ ಬರುತ್ತದೆ. ಈ ಕ್ಲಾಸ್ ರೆಸಿಸ್ಟರನ್ನು ತುಂಬಾ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಸುಮ್ನೆ ಕ್ಲಾಸ್ 0 ಅಂತ ಬಿಟ್ಟರೆ, ಕ್ಲಾಸ್ ನೋಡಿ ಪವರ್ ಹಂಚುವ ಸ್ವಿಚ್ ಆ ಪೋರ್ಟ್‌ಗೆ 15.4 ವ್ಯಾಟ್ ಎತ್ತಿಡುತ್ತದೆ. ಒಟ್ಟು 60 ವ್ಯಾಟ್ ಕೊಡುವ 8 ಪೋರ್ಟ್ ಸ್ವಿಚ್ ಆದರೆ ಮೂರೇ ಪೆಟ್ಟಿಗೆ ಓಡುತ್ತವೆ. ಕ್ಲಾಸ್ 2 ಅಂತ ಹೇಳಿದರೆ ಪೋರ್ಟ್‌ಗೆ 7 ವ್ಯಾಟ್ ಸಾಕು, ಎಂಟೂ ಓಡುತ್ತವೆ. ನನ್ನ 4 ವ್ಯಾಟ್‌ಗೆ ಕನ್ವರ್ಟರ್‌ನ ನಷ್ಟ ಸೇರಿಸಿದರೂ 5ರ ಸುತ್ತಮುತ್ತ, ಕ್ಲಾಸ್ 2ರ ಮಿತಿ ಪೆಟ್ಟಿಗೆಯ ಕಡೆ 6.49. ಟಿಐ (ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್) ಚಿಪ್‌ನಲ್ಲಿ ಅದಕ್ಕೆ ಬೇಕಾದದ್ದು 137 ಓಮ್‌ನ ಒಂದು ರೆಸಿಸ್ಟರ್, ಅಷ್ಟೇ.

ಇನ್ನೊಂದು ಮೊದಲೇ ತೀರ್ಮಾನ ಆಗಬೇಕು, ಐಸೊಲೇಷನ್, ಅಂದರೆ ಕೇಬಲ್ ಕಡೆಗೂ ಔಟ್‌ಪುಟ್ ಕಡೆಗೂ ನೇರ ಸಂಪರ್ಕ ಇಲ್ಲದಿರುವುದು, ಬೇಕಾ ಬೇಡವಾ ಅನ್ನೋದು. ಪ್ಲಾಸ್ಟಿಕ್ ಡಬ್ಬಿಯೊಳಗೆ ಎಲ್ಲ ಮುಚ್ಚಿಕೊಂಡಿದ್ದು, ಈಥರ್ನೆಟ್ ಬಿಟ್ಟು ಬೇರೆ ಯಾವ ತಂತಿಯೂ ಹೊರಗೆ ಬರದಿದ್ದರೆ ಟ್ರಾನ್ಸ್‌ಫಾರ್ಮರ್ ಇಲ್ಲದ ಬಕ್ ಕನ್ವರ್ಟರ್ ನಡೆಯುತ್ತದೆ. ನನ್ನದರಲ್ಲಿ ಆರ್‌ಎಸ್-485 ತಂತಿ ಹೊರಗೆ ಬರುತ್ತದೆ, ಅದನ್ನು ಯಾರು ಬೇಕಾದರೂ ಮುಟ್ಟಬಹುದು. ಹಾಗಾಗಿ 1500 ವೋಲ್ಟ್ ಐಸೊಲೇಷನ್ ಬೇಕೇ ಬೇಕು, ಅಂದರೆ ಟ್ರಾನ್ಸ್‌ಫಾರ್ಮರ್ ಇರುವ ಫ್ಲೈಬ್ಯಾಕ್ ಕನ್ವರ್ಟರ್.

ಮೊದಲು ಹಾಕಿದ್ದು ಸಿಲ್ವರ್‌ಟೆಲ್‌ನ ಎಜಿ9905ಎಂ. ಇದು ಚಿಪ್ ಅಲ್ಲ, ರೆಡಿ ಮಾಡ್ಯೂಲ್. ಟ್ರಾನ್ಸ್‌ಫಾರ್ಮರ್, ಕಂಟ್ರೋಲರ್ ಎಲ್ಲ ಒಳಗೇ ಇದೆ. ಹೊರಗೆ ಎರಡು ಡಯೋಡ್ ಬ್ರಿಡ್ಜ್ (ಪ್ಲಸ್ ಮೈನಸ್ ಹೇಗೆ ಬಂದರೂ ಸರಿ ಮಾಡುವಂಥವು), ಸರ್ಜ್ ತಡೆಯುವ ಒಂದು ಟಿವಿಎಸ್ ಡಯೋಡ್, ಔಟ್‌ಪುಟ್‌ಗೆ ಒಂದು ಕೆಪಾಸಿಟರ್ ಹಾಕಿದರೆ 5 ವೋಲ್ಟ್ ಬರುತ್ತದೆ. ಸೋಲ್ಡರ್ ಮಾಡಿದ ದಿನವೇ ಪೆಟ್ಟಿಗೆ ಓಡಿತು. ಹತ್ತಿಪ್ಪತ್ತು ಪೆಟ್ಟಿಗೆ ಮಾಡುವವರು ಇಲ್ಲೇ ನಿಲ್ಲಿ, ಮುಂದಿನದನ್ನು ಓದುವ ಅಗತ್ಯವೇ ಇಲ್ಲ. ಸಂಖ್ಯೆ ಜಾಸ್ತಿಯಾದಾಗ ಮಾತ್ರ ಮಾಡ್ಯೂಲ್‌ನ ಬೆಲೆ ಕಣ್ಣಿಗೆ ಹೊಡೆಯುತ್ತದೆ.

ಎರಡನೆಯದು ಎಸ್‌ಐ3402-ಬಿ. ಸಿಲಿಕಾನ್ ಲ್ಯಾಬ್ಸ್ ಮಾಡಿದ್ದು, 2021ರಿಂದ ಸ್ಕೈವರ್ಕ್ಸ್ ಕೈಯಲ್ಲಿದೆ. ಅಗಲ 5 ಮಿಲಿಮೀಟರ್, ಉದ್ದ 5 ಮಿಲಿಮೀಟರ್. ಅಷ್ಟರಲ್ಲೇ ಡಯೋಡ್ ಬ್ರಿಡ್ಜ್‌ಗಳು, ನೆಟ್‌ವರ್ಕ್ ಸ್ವಿಚ್ ಜೊತೆ ಮಾತಾಡುವ ಪಿಒಇ ಭಾಗ, ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚಿಂಗ್ ಮಾಸ್‌ಫೆಟ್ ಎಲ್ಲ ಇದೆ. ಬೋರ್ಡ್ ನೋಡಲು ಖಾಲಿ ಖಾಲಿ, ತುಂಬಾ ಚೆನ್ನಾಗಿ ಕಾಣುತ್ತದೆ. ಆದರೆ ಬಿಸಿಯೂ ಅದೇ ಚಿಕ್ಕ ಚೌಕದೊಳಗೆ ಹುಟ್ಟುತ್ತದೆ. ನಾನು ಮಾಡಿದ್ದು ಎರಡು ಲೇಯರ್ ಬೋರ್ಡ್, ಚಿಪ್ ಕೆಳಗಿನ ತಾಮ್ರಕ್ಕೆ ಸಾಕಷ್ಟು ವಯಾ (ಲೇಯರ್‌ಗಳನ್ನು ಜೋಡಿಸುವ ತೂತು) ಕೊಟ್ಟಿರಲಿಲ್ಲ, ಪೂರ್ತಿ ಲೋಡ್‌ನಲ್ಲಿ ಮೇಲೆ ಬೆರಳಿಟ್ಟು ಎರಡು ಎಣಿಸುವಷ್ಟರಲ್ಲಿ ತೆಗೆಯಬೇಕಾಯಿತು. ಹೊರಗಡೆ ಶಾಟ್ಕಿ ಡಯೋಡ್ ಹಾಕಿದರೆ ಬಿಸಿ ಇಳಿಯುತ್ತದೆ, ನಿಜ. ಆದರೆ ಎಲ್ಲ ಒಳಗಿದೆ ಅಂತ ತಾನೇ ಈ ಚಿಪ್ ತೆಗೆದುಕೊಂಡದ್ದು? ನಾಲ್ಕು ಲೇಯರ್ ಬೋರ್ಡ್, ಸಣ್ಣ ಲೋಡ್, ಜಾಗದ ಅಭಾವ, ಈ ಮೂರೂ ಇರುವವರಿಗೆ ಇದು ಒಳ್ಳೆಯದು.

ಮೂರನೆಯದರ ಮೇಲೆ ಕಳೆದಷ್ಟು ದಿನ ಬೇರೆ ಯಾವುದರ ಮೇಲೂ ಕಳೆದಿಲ್ಲ. ಟಿಐನ ಟಿಪಿಎಸ್23753ಎ. 14 ಪಿನ್‌ನ ಟಿಎಸ್‌ಎಸ್‌ಒಪಿ, ಕೈಯಲ್ಲೇ ಸೋಲ್ಡರ್ ಮಾಡಬಹುದು. ಪಿಒಇ ಭಾಗವೂ ಫ್ಲೈಬ್ಯಾಕ್ ಕಂಟ್ರೋಲರೂ ಒಟ್ಟಿಗೇ ಇವೆ, ಸ್ವಿಚಿಂಗ್ ಮಾಸ್‌ಫೆಟ್ ಮಾತ್ರ ಹೊರಗೆ. ಔಟ್‌ಪುಟ್ ಎಷ್ಟಿದೆ ಅಂತ ಆಪ್ಟೊಕಪ್ಲರ್ (ಬೆಳಕಿನಿಂದ ಸಿಗ್ನಲ್ ದಾಟಿಸುವ ಭಾಗ) ಮತ್ತು ಟಿಎಲ್‌ವಿ431 ಅನ್ನುವ ರೆಫರೆನ್ಸ್ ಚಿಪ್ ಮೂಲಕ ಅದಕ್ಕೆ ತಿಳಿಸಬೇಕು. ಪ್ರತಿಯೊಂದನ್ನೂ ನೀವೇ ಆರಿಸುತ್ತೀರಿ, ಹಾಗಾಗಿ ಪ್ರತಿಯೊಂದನ್ನೂ ನೀವೇ ಸರಿ ಮಾಡಲೂ ಬಹುದು. ಒಂದು ಉದಾಹರಣೆ ಹೇಳುತ್ತೇನೆ. ಲೋಡನ್ನು 100 ಮಿಲಿಆಂಪ್‌ನಿಂದ ಒಮ್ಮೆಲೇ 600ಕ್ಕೆ ಏರಿಸಿ ಸ್ಕೋಪ್‌ನಲ್ಲಿ 5 ವೋಲ್ಟ್ ನೋಡಿದೆ. ಗೆರೆ ನಾಲ್ಕು ಸಲ ಮೇಲೆ ಕೆಳಗೆ ತೂಗಿ ಆಮೇಲೆ ನಿಂತಿತು. ಫೀಡ್‌ಬ್ಯಾಕ್‌ನ ಕೆಪಾಸಿಟರ್ ಬದಲಿಸುತ್ತಾ ಹೋದೆ, ಮೂರನೇ ಸಲಕ್ಕೆ ಒಂದೇ ತೂಗಿಗೆ ನಿಂತಿತು. ರಿಲೇ ಎರಡೂ ಒಟ್ಟಿಗೆ ಎಳೆದಾಗ ಈಥರ್ನೆಟ್ ಲಿಂಕ್ ಬೀಳುತ್ತಿದ್ದದ್ದು ಅಲ್ಲಿಗೆ ನಿಂತುಹೋಯಿತು.

ಇದರಲ್ಲೇ ನನಗೆ ಮುಖ್ಯವಾದ ವಿಷಯ ಗೊತ್ತಾದದ್ದು. ಕಷ್ಟ ಇರುವುದು ಚಿಪ್‌ನಲ್ಲಿ ಅಲ್ಲ, ಟ್ರಾನ್ಸ್‌ಫಾರ್ಮರ್‌ನಲ್ಲಿ. ಚಿಪ್ ಆರ್ಡರ್ ಮಾಡಿದರೆ ಮನೆಗೆ ಬರುತ್ತದೆ. ಟ್ರಾನ್ಸ್‌ಫಾರ್ಮರನ್ನು ಬೆಂಗಳೂರಿನಲ್ಲೇ ಒಬ್ಬರ ಹತ್ತಿರ ಸುತ್ತಿಸಿದೆ. ಸುತ್ತು ಸರಿ, ಇಂಡಕ್ಟೆನ್ಸ್ ಸರಿ, ಆದರೆ ಮೊದಲ ಸುರುಳಿ (ಪ್ರೈಮರಿ) ಪೂರ್ತಿ ಸುತ್ತಿ ಅದರ ಮೇಲೆ ಎರಡನೆಯದನ್ನು (ಸೆಕೆಂಡರಿ) ಸುತ್ತಿದ್ದರು. ಲೀಕೇಜ್ ಇಂಡಕ್ಟೆನ್ಸ್ (ಎರಡು ಸುರುಳಿ ಸರಿಯಾಗಿ ಹೊಂದದೆ ಉಳಿಯುವ ಇಂಡಕ್ಟೆನ್ಸ್) ಜಾಸ್ತಿಯಾಗಿ, 150 ವೋಲ್ಟ್‌ನ ಮಾಸ್‌ಫೆಟ್‌ನ ಡ್ರೈನ್‌ನಲ್ಲಿ 140ರವರೆಗೂ ಸ್ಪೈಕ್ ಹೋಗುತ್ತಿತ್ತು. ಅದನ್ನು ನೋಡಿ ಆ ರಾತ್ರಿ ಬೋರ್ಡ್ ಆನ್ ಇಟ್ಟು ಹೋಗಲು ಧೈರ್ಯ ಬರಲಿಲ್ಲ. ಪ್ರೈಮರಿಯ ಅರ್ಧ, ಮಧ್ಯೆ ಸೆಕೆಂಡರಿ, ಮೇಲೆ ಉಳಿದರ್ಧ ಪ್ರೈಮರಿ, ಹೀಗೆ ಸುತ್ತಿ ಕೊಡಿ ಅಂತ ಹೇಳಿ ಮತ್ತೆ ಮಾಡಿಸಿದ ಮೇಲೆ ಸ್ಪೈಕ್ ಇಳಿಯಿತು. ಅದಕ್ಕೇ ಹೇಳುವುದು, ಮೊದಲು ಟ್ರಾನ್ಸ್‌ಫಾರ್ಮರ್ ಹುಡುಕಿ, ಆಮೇಲೆ ಚಿಪ್. ಕಾಯಿಲ್‌ಕ್ರಾಫ್ಟ್, ವುರ್ತ್ ಇವರ ಹತ್ತಿರ ಪಿಒಇಗೆ ಅಂತಲೇ ಮಾಡಿದ ರೆಡಿ ಟ್ರಾನ್ಸ್‌ಫಾರ್ಮರ್ ಸಿಗುತ್ತವೆ. ನಿಮ್ಮ ವೋಲ್ಟೇಜ್‌ಗೆ ಅಲ್ಲಿ ಒಂದು ಸಿಕ್ಕರೆ ಅರ್ಧ ಕೆಲಸ ಆಯಿತು.

ನಾಲ್ಕನೆಯದು ಎಂಪಿಎಸ್ ಕಂಪನಿಯ ಎಂಪಿ8007. ಈಗ ಪಾಲಿಹೌಸ್‌ನಲ್ಲಿ ಇರುವುದು ಇದೇ. ಸ್ವಿಚಿಂಗ್ ಮಾಸ್‌ಫೆಟ್ ಒಳಗಿದೆ, ಬ್ರಿಡ್ಜ್ ಹೊರಗಿದೆ, ಹಾಗಾಗಿ ಬಿಸಿ ಒಂದೇ ಕಡೆ ಸೇರುವುದಿಲ್ಲ. ಎಲ್ಲಕ್ಕಿಂತ ಇಷ್ಟವಾದದ್ದು ಆಪ್ಟೊಕಪ್ಲರ್ ಬೇಡ ಅನ್ನೋದು. ಟ್ರಾನ್ಸ್‌ಫಾರ್ಮರ್‌ನ ಇನ್ನೊಂದು ಸುರುಳಿ ನೋಡಿಯೇ ಔಟ್‌ಪುಟ್ ಎಷ್ಟಿರಬಹುದು ಅಂತ ಅದು ಲೆಕ್ಕ ಹಾಕುತ್ತದೆ. ಬಿಸಿಗೆ ಆಪ್ಟೊ ವರ್ಷ ವರ್ಷ ಮಂಕಾಗುವ ಚಿಂತೆ ಇಲ್ಲ, ಪಾಲಿಹೌಸ್‌ನ ಮಧ್ಯಾಹ್ನದ ಧಗೆಯಲ್ಲಿ ಇದು ಸಣ್ಣ ವಿಷಯ ಅಲ್ಲ. ಇದಕ್ಕೊಂದು ಬೆಲೆ ತೆರಬೇಕು. ಔಟ್‌ಪುಟ್ ನೇರವಾಗಿ ಕಾಣದೆ ನಡೆಸುವ ಯಾವುದೇ ಫ್ಲೈಬ್ಯಾಕ್‌ನಲ್ಲಿ ಲೋಡ್ ಏರಿಳಿದಂತೆ ವೋಲ್ಟೇಜ್ ಸ್ವಲ್ಪ ಸರಿದಾಡುತ್ತದೆ, ಲೋಡ್ ಏನೂ ಇಲ್ಲದಿದ್ದರೆ ಮೇಲಕ್ಕೇರುತ್ತದೆ. ನನ್ನ ಬೋರ್ಡ್‌ನಲ್ಲಿ 5 ವೋಲ್ಟ್ ಆದ ಮೇಲೆ 3.3ಕ್ಕೆ ಇನ್ನೊಂದು ರೆಗ್ಯುಲೇಟರ್ ಇದೆ, ಹಾಗಾಗಿ ಅದು ಬಾಧಿಸಲಿಲ್ಲ. 5 ವೋಲ್ಟನ್ನೇ ಅಳತೆಯ ಆಧಾರವಾಗಿ ಬಳಸುವುದಾದರೆ ಟಿಪಿಎಸ್23753ಎ ಕಡೆಗೇ ಹೋಗಿ.

ನಾಲ್ಕೂ ಬೋರ್ಡ್‌ನಲ್ಲಿ ಒಂದೇ ರೀತಿ ಕಾಡಿದ ತೊಂದರೆ ಒಂದಿದೆ. ಪೆಟ್ಟಿಗೆ ಕೆಲಸ ಇಲ್ಲದಾಗ ನಿದ್ದೆಗೆ ಹೋಗುತ್ತದೆ. ನಿದ್ದೆಗೆ ಹೋದ ಅರೆಕ್ಷಣಕ್ಕೆ ಸ್ವಿಚ್ ಪೋರ್ಟ್‌ನ ಹಸಿರು ದೀಪ ಆರಿ, ಮತ್ತೆ ಹತ್ತಿ, ಪೆಟ್ಟಿಗೆ ಮೊದಲಿನಿಂದ ಶುರುವಾಗುತ್ತಿತ್ತು. ಎರಡು ದಿನ ಸಾಫ್ಟ್‌ವೇರ್‌ನಲ್ಲಿ ಹುಡುಕಿದೆ. ತಪ್ಪು ಅಲ್ಲಿರಲಿಲ್ಲ. ಪೆಟ್ಟಿಗೆ ಕನಿಷ್ಠ 10 ಮಿಲಿಆಂಪ್ ಎಳೆಯುತ್ತಿರಬೇಕು, ಇಲ್ಲದಿದ್ದರೆ ಕೇಬಲ್ ಕಿತ್ತಿದ್ದಾರೆ ಅಂತ ತಿಳಿದು ಸ್ವಿಚ್ ಪವರ್ ಕಡಿಯುತ್ತದೆ. 48 ವೋಲ್ಟ್‌ಗೆ 10 ಮಿಲಿಆಂಪ್ ಅಂದರೆ ಹೆಚ್ಚುಕಡಿಮೆ ಅರ್ಧ ವ್ಯಾಟ್. ನಿದ್ದೆಯಲ್ಲಿ ನನ್ನ ಪೆಟ್ಟಿಗೆಗೆ ಅಷ್ಟು ಬೇಡವೇ ಬೇಡ. ಆದರೆ ಅದನ್ನು ಸದಾ ಎಳೆಯಬೇಕಿಲ್ಲ, 75 ಮಿಲಿಸೆಕೆಂಡ್ ಎಳೆದು 250 ಮಿಲಿಸೆಕೆಂಡ್ ಬಿಡಬಹುದು. 5 ವೋಲ್ಟ್‌ಗೆ 47 ಓಮ್‌ನ ಒಂದು ರೆಸಿಸ್ಟರ್, ಅದಕ್ಕೊಂದು ಸಣ್ಣ ಮಾಸ್‌ಫೆಟ್ ಹಾಕಿದೆ, 80 ಮಿಲಿಸೆಕೆಂಡ್ ಆನ್, 220 ಆಫ್. ಹಸಿರು ದೀಪ ಅಂದಿನಿಂದ ಆರಿಲ್ಲ.

ಬ್ರಿಡ್ಜ್ ಬಗ್ಗೆ ಒಂದು ಮಾತು. ಎರಡೂ ಹಾಕಿ. ಪವರ್ ಡೇಟಾ ಜೋಡಿಗಳಲ್ಲಿ ಬರುತ್ತದೋ ಕೇಬಲ್‌ನ 4-5, 7-8ನೇ ತಂತಿಗಳಲ್ಲಿ ಬರುತ್ತದೋ ಅನ್ನುವುದು ಪವರ್ ಕೊಡುವ ತುದಿಯಲ್ಲಿರುವವರ ಇಷ್ಟ. ಮೇಜಿನ ಮೇಲಿನ ಇಂಜೆಕ್ಟರ್‌ನಲ್ಲಿ (ಕೇಬಲ್‌ಗೆ ಪವರ್ ಸೇರಿಸುವ ಅಡಾಪ್ಟರ್) ಓಡಿತು ಅಂತ ಒಂದೇ ಬ್ರಿಡ್ಜ್ ಹಾಕಿ ಕಳಿಸಿದರೆ, ಸ್ವಿಚ್‌ಗೆ ಹಾಕಿದಾಗ ಅದು ಕಣ್ಣೇ ತೆರೆಯದೆ ಕೂರಬಹುದು.

ಮುಂದಿನ ಪೆಟ್ಟಿಗೆಗೆ ಕ್ಯಾಮೆರಾ ಸೇರುತ್ತಿದೆ, 20 ವ್ಯಾಟ್ ಬೇಕು. ಅಲ್ಲಿಗೆ 2003ರ ಪಿಒಇ ಮಾನದಂಡ 802.3ಎಎಫ್‌ನ 12.95 ವ್ಯಾಟ್ ಸಾಲುವುದಿಲ್ಲ, 2009ರ 802.3ಎಟಿ ಬೇಕು, ಅದು ಪೆಟ್ಟಿಗೆಗೆ 25.5 ಕೊಡುತ್ತದೆ. ಅದಕ್ಕೆ ಟಿಪಿಎಸ್2378 ಹಾಕಿದ್ದೇನೆ. ಇದರಲ್ಲಿ ಪಿಒಇ ಭಾಗ ಮಾತ್ರ, ಕನ್ವರ್ಟರ್ ಬೇರೆ ಹಾಕಬೇಕು. ಕ್ಲಾಸ್ 4ಕ್ಕೆ 63.4 ಓಮ್. ನಿನ್ನೆ ಬೋರ್ಡ್ ಬಂತು, ಕನ್ವರ್ಟರ್ ಇನ್ನೂ ಸೋಲ್ಡರ್ ಮಾಡಿಲ್ಲ. ಬರೀ ಸ್ವಿಚ್‌ಗೆ ಸಿಕ್ಕಿಸಿ ಸ್ಕೋಪ್ ಇಟ್ಟೆ. 25 ಕಿಲೋಓಮ್ ಹುಡುಕಾಟ ಮುಗಿದ ಮೇಲೆ ಕ್ಲಾಸ್ ಕೇಳುವ ಮೆಟ್ಟಿಲು ಒಂದಲ್ಲ, ಎರಡು ಸಲ ಬಂತು, ಹಿಂದೆಯೇ 48 ವೋಲ್ಟ್, ಆಮೇಲೆ, ಸ್ವಿಚ್ 802.3ಎಟಿಯದ್ದು ಅಂತ ತಿಳಿಸುವ ಟಿ2ಪಿ ಪಿನ್ ಕೆಳಗಿಳಿಯಿತು.